ಯಕೃತ್ತಿನ ವೇಷಧಾರಿ ಗಡ್ಡೆಗಳು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರು. ಆದರೆ ‘ಲಿವರಿನಲ್ಲಿ ಗಡ್ಡೆ’ ಎಂದು ಬರೆದ ವರದಿಯನ್ನು ಹಿಡಿದು ಮೆಗ್ಗಾನ್ ಆಸ್ಪತ್ರೆಗೆ ಹೊರಟವನಿಗೆ ಆ ದಾರಿ ಎಷ್ಟು ದೀರ್ಘವೆಂಬುದನ್ನು ಅವನೇ ಬಲ್ಲ. ಗಡ್ಡೆಯೆಂದೊಡನೆ ಮನೆಮಂದಿಯೆಲ್ಲ ಅದನ್ನು ಕ್ಯಾನ್ಸರೆಂದೇ ಭಾವಿಸುವರು. ವಾಸ್ತವದಲ್ಲಿ ಯಕೃತ್ತಿನ ಗಡ್ಡೆಗಳಲ್ಲಿ ಅನೇಕವು ನಿರುಪದ್ರವಿಗಳು. ಅವುಗಳಲ್ಲಿ ಅತಿ ಸಾಮಾನ್ಯವಾದ ಹೆಮಾಂಜಿಯೋಮವು ರಕ್ತನಾಳಗಳದೇ ಒಂದು ಗೋಜಲು.

ಇದರ ಗುರುತು ಸಾಮಾನ್ಯವಾಗಿ ಕಠಿನವಲ್ಲ. ಅಲ್ಟ್ರಾಸೌಂಡಿನಲ್ಲಿ ಅದು ಬೆಳ್ಳಗೆ ತೋರುತ್ತದೆ. ಕಾಂಟ್ರಾಸ್ಟ್ ಮದ್ದನ್ನು ರಕ್ತಕ್ಕೆ ಚುಚ್ಚಿ ಸಿ.ಟಿ. ತೆಗೆದರೆ ಮೊದಲು ಅಂಚಿನಲ್ಲಿ ತುಣುಕು ತುಣುಕಾಗಿ ಬೆಳಗಿ, ನಿಮಿಷಗಳು ಕಳೆದಂತೆ ಒಳಕ್ಕೆ ತುಂಬಿಕೊಳ್ಳುತ್ತದೆ. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರಿನ ನಡೆ ಬೇರೆ: ಧಮನಿಯ ರಕ್ತ ಬಂದೊಡನೆ ಅದು ಬೆಳಗಿ, ಬೇಗನೆ ಸುತ್ತಲ ಭಾಗಕ್ಕಿಂತ ಮಬ್ಬಾಗುತ್ತದೆ. ಆದುದರಿಂದಲೇ ಕಾಲಕಾಲಕ್ಕೆ ತೆಗೆದ ಹಲವು ಚಿತ್ರಗಳು ಬೇಕಾಗುವುದು.

ಆದರೆ ಎಲ್ಲ ಗಡ್ಡೆಗಳೂ ಈ ನಿಯಮಕ್ಕೆ ಒಳಪಡುವುವೆ? ಕೊಬ್ಬು ತುಂಬಿದ ಯಕೃತ್ತೇ ಬೆಳ್ಳಗಿರುವುದರಿಂದ ಅದರಲ್ಲಿ ಹೆಮಾಂಜಿಯೋಮ ಕಪ್ಪಾಗಿ ಕಾಣಬಹುದು. ನಾರುಗಟ್ಟಿದ ಹಳೆಯ ಗಡ್ಡೆ ತುಂಬಿಕೊಳ್ಳುವುದೇ ಇಲ್ಲ. ಇವೆಲ್ಲಕ್ಕಿಂತ ಚತುರ ವೇಷಧಾರಿಯೆಂದರೆ ಆಂಜಿಯೋಮಯೋಲಿಪೋಮ. ರಕ್ತನಾಳ, ನಯವಾದ ಸ್ನಾಯು, ಕೊಬ್ಬು ಈ ಮೂರೂ ಸೇರಿದ ವಿರಳವಾದ ಗಡ್ಡೆಯಿದು. ಕೊಬ್ಬು ಹೇರಳವಾಗಿದ್ದರೆ ಚಿತ್ರವೇ ಗುಟ್ಟು ರಟ್ಟುಮಾಡುತ್ತದೆ. ಕೊಬ್ಬು ಅತ್ಯಲ್ಪವಾದಾಗ ಅದು ಕ್ಯಾನ್ಸರಿನಂತೆಯೇ ಬೆಳಗಿ ಮಬ್ಬಾಗುವುದುಂಟು. ಕ್ಯಾನ್ಸರಿನಲ್ಲಿಯೂ ಕೆಲವೊಮ್ಮೆ ಕೊಬ್ಬಿರುವುದರಿಂದ ತೊಡಕು ಇನ್ನೂ ಹೆಚ್ಚು.

ಇಲ್ಲಿ ತಪ್ಪಿದರೆ ನಷ್ಟ ಸಣ್ಣದಲ್ಲ. ನಿರುಪದ್ರವಿ ಗಡ್ಡೆಗಾಗಿ ಯಕೃತ್ತಿನ ಭಾಗವನ್ನೇ ಕತ್ತರಿಸಿ ತೆಗೆದಾರು. ಇಲ್ಲವೆ ಕ್ಯಾನ್ಸರನ್ನು ನಿರುಪದ್ರವಿಯೆಂದು ಕಡೆಗಣಿಸಿ ಅಮೂಲ್ಯ ಕಾಲವನ್ನು ಕಳೆದಾರು. ಆದಕಾರಣ ಅನುಭವಿ ವೈದ್ಯರು ಗಡ್ಡೆಯೊಡನೆ ಅದು ಬೆಳೆದ ನೆಲವನ್ನೂ ನೋಡುವರು. ಸಿರೋಸಿಸ್ಸಿನಿಂದ ಕುಗ್ಗಿದ ಯಕೃತ್ತಿನಲ್ಲಿ, ಮೇಲೆ ಹೇಳಿದ ಲಕ್ಷಣಗಳು ಸ್ಪಷ್ಟವಾಗಿದ್ದರೆ, ಚಿತ್ರದಿಂದಲೇ ಕ್ಯಾನ್ಸರನ್ನು ನಿರ್ಧರಿಸಬಹುದು. ಹೆಪಟೈಟಿಸ್ ಬಿ ಸೋಂಕಾಗಲಿ ಸಿರೋಸಿಸ್ಸಾಗಲಿ ಇಲ್ಲದವರಲ್ಲಿ ಅದೇ ಚಿತ್ರಕ್ಕೆ ಅಷ್ಟು ಬೆಲೆಯಿಲ್ಲ. ಈ ಒಂದು ವಿವೇಕವನ್ನು ಯಾವ ಯಂತ್ರವೂ ತಾನಾಗಿ ಒದಗಿಸದು.

ಆಗ ಉಳಿಯುವುದು ಸೂಜಿಯಿಂದ ಚೂರು ಅಂಗಾಂಶವನ್ನು ತೆಗೆದು ಪರೀಕ್ಷಿಸುವ ಮಾರ್ಗ. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಭದ್ರಾವತಿಯವರಿಗೆ, ಬಣ್ಣ ನೋಡಿ ಅದಿರಿಗೆ ಬೆಲೆ ಕಟ್ಟಲಾಗದೆಂದು ಹೇಳಿಕೊಡಬೇಕಿಲ್ಲ. ಎಚ್.ಎಂ.ಬಿ.–45 ಎಂಬ ಪರೀಕ್ಷೆಯಲ್ಲಿ ಆಂಜಿಯೋಮಯೋಲಿಪೋಮದ ಕೋಶಗಳು ಬಣ್ಣ ಹೀರುತ್ತವೆ. ಯಕೃತ್ತಿನ ಕ್ಯಾನ್ಸರು ಸಾಮಾನ್ಯವಾಗಿ ಹೀರದು. ರಕ್ತಸ್ರಾವದ ಭಯವಿರುವುದರಿಂದ ಸೂಜಿಯನ್ನು ಎಲ್ಲರಿಗೂ ಚುಚ್ಚುವಂತಿಲ್ಲ.

ಗಡ್ಡೆ ಚಿಕ್ಕದಾಗಿದ್ದು, ನಿರುಪದ್ರವಿಯೆಂದು ಖಚಿತವಾದರೆ, ಹಲವರಲ್ಲಿ ಆಗಾಗ ಚಿತ್ರ ತೆಗೆದು ಗಮನಿಸಿದರೆ ಸಾಕಾಗುತ್ತದೆ. ಹಳೆಯ ಫಿಲ್ಮನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದರಲ್ಲವೆ ಗಡ್ಡೆ ಬೆಳೆದಿದೆಯೋ ಇಲ್ಲವೋ ತಿಳಿಯುವುದು. ಹಾಗಾಗಿ ಅವನ್ನು ರದ್ದಿಗೆ ಹಾಕಬಾರದು.