ದಿನದ ಒತ್ತಡಕ್ಕೆ ದಿನವೂ ಮದ್ದು

ಚಿತೆಗೂ ಚಿಂತೆಗೂ ಬರವಣಿಗೆಯಲ್ಲಿ ಒಂದೇ ಸೊನ್ನೆಯ ವ್ಯತ್ಯಾಸ ಎನ್ನುತ್ತಾರೆ ಹಿರಿಯರು. ಅವರ ಕಾಲಕ್ಕೆ ಮಳೆ, ಬೆಳೆ, ಮಗಳ ಮದುವೆ ಚಿಂತೆಗೆ ಕಾರಣಗಳಾಗಿದ್ದವು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಪಟ್ಟಿ ಬೇರೆ: ಆಫೀಸಿನ ಡೆಡ್‌ಲೈನ್, ವೀಸಾ, ಮನೆಯ ಸಾಲ, ಶನಿವಾರವಿಡೀ ಮಕ್ಕಳನ್ನು ಈಜು, ನೃತ್ಯ, ಗಣಿತದ ಕ್ಲಾಸುಗಳಿಗೆ ಕರೆದೊಯ್ಯುವ ಸಾರಥ್ಯ. ಇದರ ಮೇಲೆ ನಡುರಾತ್ರಿ ಊರಿನಿಂದ ಫೋನ್ ಬಂದರೆ, ಎತ್ತುವ ಮೊದಲೇ ಎದೆ ಧಸಕ್ಕೆನ್ನುತ್ತದೆ.

ಹಾಗೇಕಾಗುತ್ತದೆ? ಅಪಾಯದ ಸುಳಿವು ಸಿಕ್ಕೊಡನೆ ಮೆದುಳು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಹಾರ್ಮೋನುಗಳನ್ನು ಸ್ರವಿಸುತ್ತವೆ. ಹೃದಯದ ಬಡಿತ, ರಕ್ತದೊತ್ತಡ, ರಕ್ತದ ಸಕ್ಕರೆ ಏರುತ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹುಲಿ ಎದುರಾದರೆ ಓಡಲು ಬೇಕಾದ ಸಿದ್ಧತೆ ಇದು. ಬಾಸಿನ ಈಮೇಲ್‌ಗೂ ದೇಹ ಇದೇ ಸಿದ್ಧತೆ ಮಾಡಿಕೊಳ್ಳುತ್ತದೆ! ಚಳಿಯಿರಲಿ, ಗಾಯವಿರಲಿ, ಅತಿಶ್ರಮವಿರಲಿ, ಇಲಿಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳಾಗುವುದನ್ನು ಮಾಂಟ್ರಿಯಲ್‌ನ ಹ್ಯಾನ್ಸ್ ಸೆಲ್ಯೆ 1936ರಲ್ಲೇ ಪ್ರಕಟಿಸಿದ್ದರು.

ಗಂಟೆ ಬಾರಿಸುವುದರಿಂದ ತೊಂದರೆಯಿಲ್ಲ. ಅದು ತಿಂಗಳುಗಟ್ಟಲೆ ನಿಲ್ಲದಿದ್ದರೆ ನಿದ್ರೆ, ಹೊಟ್ಟೆ, ಹೃದಯ ಎಲ್ಲವೂ ಬಳಲುತ್ತವೆ. ಆದ್ದರಿಂದ ದಿನಕ್ಕೊಮ್ಮೆಯಾದರೂ ಆ ಗಂಟೆಯನ್ನು ನಿಲ್ಲಿಸುವ ಅಭ್ಯಾಸ ನಮಗೆ ಬೇಕು.

ಉಸಿರಾಟ: ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ ಧ್ಯಾನ ಮಾಡುವವರನ್ನು ಪರೀಕ್ಷಿಸಿ, 1975ರಲ್ಲಿ ಒಂದು ಸರಳ ವಿಧಾನವನ್ನು ಪುಸ್ತಕವಾಗಿ ಬರೆದರು. ಕಣ್ಣು ಮುಚ್ಚಿ ಆರಾಮವಾಗಿ ಕುಳಿತು, ಪ್ರತಿ ಸಲ ಉಸಿರು ಬಿಡುವಾಗ ಒಂದೇ ಪದವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಬೇರೆ ಯೋಚನೆ ಬಂದರೆ ಬೇಸರಿಸದೆ ಪದಕ್ಕೆ ಮರಳುವುದು. ಹತ್ತು ಇಪ್ಪತ್ತು ನಿಮಿಷ ಸಾಕು. ಅಜ್ಜಿ ಜಪಮಣಿ ಹಿಡಿದು ಕೂರುತ್ತಿದ್ದುದು ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ.

ನಡಿಗೆ: ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಐದು ದಿನ, ಅರ್ಧರ್ಧ ಗಂಟೆಯ ಬಿರುಸು ನಡಿಗೆ. ಹಿಮ ಬೀಳುವ ತಿಂಗಳುಗಳಲ್ಲಿ ಶಾಪಿಂಗ್ ಮಾಲ್‌ನೊಳಗೆ ನಡೆಯಬಹುದು, ಪರ್ಸನ್ನು ಕಾರಿನಲ್ಲೇ ಬಿಟ್ಟರೆ ಇನ್ನೂ ಒಳ್ಳೆಯದು! ಮಕ್ಕಳ ಕ್ಲಾಸು ಮುಗಿಯುವವರೆಗೆ ಕಾರಿನಲ್ಲಿ ಕುಳಿತು ಫೋನ್ ನೋಡುವ ಹೊತ್ತೂ ನಡಿಗೆಗೆ ಒದಗುತ್ತದೆ.

ನಿದ್ರೆ: ಬೆಂಗಳೂರಿನ ಬೆಳಗಿನ 6:30 ಎಂದರೆ ಬೇಸಿಗೆಯಲ್ಲಿ ನ್ಯೂಯಾರ್ಕಿನ ರಾತ್ರಿ 9 ಗಂಟೆ. ಅಲ್ಲಿನ ತಂಡದೊಡನೆ ಕೆಲಸ ಮಾಡುವವರಿಗೆ ದಿನ ಮುಗಿಯುವುದೇ ಇಲ್ಲ. ತಡರಾತ್ರಿಯ ಮೀಟಿಂಗ್‌ಗಳನ್ನು ವಾರದ ಒಂದೆರಡು ದಿನಗಳಿಗೆ ಸೀಮಿತಗೊಳಿಸಲು ಕೇಳಿ ನೋಡಿ. ಸಂಜೆ 5ಕ್ಕೆ ಕುಡಿದ ಫಿಲ್ಟರ್ ಕಾಫಿಯ ಸುಮಾರು ಅರ್ಧದಷ್ಟು ಕೆಫೀನ್ ರಾತ್ರಿ 10ಕ್ಕೂ ದೇಹದಲ್ಲಿರುತ್ತದೆ. ಮದ್ಯ ಬೇಗ ಮಂಪರು ತರಿಸಿದರೂ ನಡುರಾತ್ರಿಯಲ್ಲಿ ನಿದ್ರೆ ಕೆಡಿಸುತ್ತದೆ.

ಊರಿನ ಚಿಂತೆ: ವಯಸ್ಸಾದ ತಂದೆತಾಯಿಯರ ಬಗೆಗಿನ ಆತಂಕ ಪೂರ್ತಿ ಹೋಗುವಂಥದ್ದಲ್ಲ, ಕಡಿಮೆ ಮಾಡಿಕೊಳ್ಳಬಹುದು. ಅವರ ಔಷಧಿಗಳ ಹೆಸರು, ವೈದ್ಯರ ಮತ್ತು ಪಕ್ಕದ ಮನೆಯವರ ನಂಬರು, ವಿಮೆಯ ವಿವರ ಒಂದೇ ಪುಸ್ತಕದಲ್ಲಿ ಬರೆದಿಡಿ. ತುರ್ತಿನಲ್ಲಿ ಮೊದಲು ಓಡಿಬರುವವರು ಯಾರೆಂದು ಅಣ್ಣತಮ್ಮ, ಅಕ್ಕತಂಗಿಯರೊಡನೆ ಮಾತಾಡಿಕೊಳ್ಳಿ. ಮಾಡಬೇಕಾದದ್ದು ಕಾಗದದ ಮೇಲಿದ್ದರೆ ತಲೆಯೊಳಗೆ ಸುತ್ತುವುದು ಕಡಿಮೆಯಾಗುತ್ತದೆ.

ಮಾತು: ಯಾರು ಕೇಳಿದರೂ “ಚೆನ್ನಾಗಿದ್ದೀವಿ” ಎನ್ನುವುದು ನಮಗೆ ರೂಢಿ. ಕೆಲಸ ಹೋದದ್ದನ್ನೂ ಗೆಳೆಯರಿಂದ ಮುಚ್ಚಿಡುವವರಿದ್ದಾರೆ. ಒಬ್ಬರ ಬಳಿಯಾದರೂ ನಿಜ ಹೇಳಿಕೊಳ್ಳಿ. ಎರಡು ವಾರ ಕಳೆದರೂ ನಿದ್ರೆ ಬಾರದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ ಮನಸ್ಸು ಕುಗ್ಗಿದ್ದರೆ ನಿಮ್ಮ ಡಾಕ್ಟರನ್ನು ಕಾಣಿ. ಅನೇಕ ಕಂಪನಿಗಳು ನೌಕರರಿಗೆ ಕೆಲವು ಸಲದ ಕೌನ್ಸೆಲಿಂಗ್ ಅನ್ನು ಉಚಿತವಾಗಿ, ಗುಟ್ಟಾಗಿ ಒದಗಿಸುತ್ತವೆ. ಬದುಕೇ ಬೇಡವೆನಿಸಿದರೆ ತಡಮಾಡದೆ 988ಕ್ಕೆ ಕರೆ ಮಾಡಿ. 2022ರ ಜುಲೈಯಿಂದ ಅಮೆರಿಕದಾದ್ಯಂತ ಈ ಸಹಾಯವಾಣಿ ಹಗಲಿರುಳೂ ಸಿಗುತ್ತದೆ.

ಯುಗಾದಿಯ ಬೇವಿನ ಪಾಲು ಎಲ್ಲರ ಮನೆಗೂ ಬರುವಂಥದ್ದೇ. ಈ ವರ್ಷ ಪ್ರತಿದಿನವೂ ಅದಕ್ಕೆ ಅರ್ಧ ಗಂಟೆಯ ಬೆಲ್ಲ ಬೆರೆಸಿಕೊಳ್ಳೋಣ. ಎಲ್ಲರಿಗೂ ಹಬ್ಬದ ಶುಭಾಶಯಗಳು.