ವಯಸ್ಕರ ಸಾಕ್ಷರತೆ: ನಂಬಿಕೆ ಮತ್ತು ವಸ್ತುಸ್ಥಿತಿ

ಓದುಬರಹ ಬಲ್ಲವರೆಲ್ಲರೂ ವಯಸ್ಕರಿಗೆ ಅಕ್ಷರ ಕಲಿಸಬಲ್ಲರು, ಸೇವಾಮನೋಭಾವವೊಂದಿದ್ದರೆ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ವಯಂಸೇವಕರನ್ನು ನೆಚ್ಚಿದ ಸಾಕ್ಷರತಾ ಕಾರ್ಯಕ್ರಮಗಳನ್ನು ಒಳಗಿನಿಂದಲೇ ದುರ್ಬಲಗೊಳಿಸುವ ನಂಬಿಕೆಯೂ ಇದೇ. ತರಬೇತಿಯಿಲ್ಲದ ಬೋಧಕರು ತಾವು ಬಾಲ್ಯದಲ್ಲಿ ಕಲಿತಂತೆ ವರ್ಣಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿಸಿ, ಕಾಗುಣಿತ ಮುಗಿದ ಮೇಲೆ ಒತ್ತಕ್ಷರಕ್ಕೆ ಹೋಗುತ್ತಾರೆ; ಹಗಲೆಲ್ಲ ಕೂಲಿ ಮಾಡಿ ಬಂದ ಕಲಿಕಾರ್ಥಿಗೆ ವಾರಗಟ್ಟಲೆ ಅರ್ಥವುಳ್ಳ ಒಂದು ವಾಕ್ಯವೂ ಓದಲು ಸಿಗದಿದ್ದಾಗ ಆಕೆ ಕೇಂದ್ರಕ್ಕೆ ಬರುವುದನ್ನೇ ಬಿಡುತ್ತಾಳೆ, ಆ ಸೋಲನ್ನು ಆಕೆಯ ನಿರಾಸಕ್ತಿ ಎಂದು ಬರೆದುಕೊಳ್ಳಲಾಗುತ್ತದೆ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಈ ಕಾರಣಕ್ಕಾಗಿಯೇ ಪಾಠ, ಅಭ್ಯಾಸ ಮತ್ತು ಸ್ವಯಂಪರೀಕ್ಷೆಗಳನ್ನು ಒಂದೇ ಪುಸ್ತಕದಲ್ಲಿ ಸೇರಿಸಿ, ಹಂತಹಂತವಾಗಿ ಏರುವ ಮೂರು ಪ್ರವೇಶಿಕೆಗಳ, ಅಂದರೆ ಆರಂಭಿಕ ಕಲಿಕಾಪುಸ್ತಕಗಳ, ಕ್ರಮವನ್ನು ರೂಪಿಸಿತು. ನೀರು, ಕೂಲಿ, ಮಳೆಯಂಥ ಬದುಕಿನ ಪದಗಳಿಂದ ಆರಂಭಿಸಿ, ಅವುಗಳ ಮೇಲೆ ಮಾತುಕತೆ ನಡೆಸಿ, ಅನಂತರ ಆ ಪದಗಳೊಳಗಿನ ಅಕ್ಷರಗಳನ್ನು ಬಿಡಿಸಿ ತೋರಿಸುವ ಈ ಬಗೆಯ ಬೋಧನೆಗೆ ಪೂರ್ವಸಿದ್ಧತೆ ಅನಿವಾರ್ಯವಾಗಿದೆ.

ಇಲ್ಲಿ ಮಾತುಕತೆಯೆಂಬುದು ಪಾಠದ ಅಲಂಕಾರವಲ್ಲ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಪಾಠಗಳನ್ನು ಓದಿ ಚರ್ಚಿಸಿದ ಮಹಿಳೆಯರು ಊರಿನ ಸಾರಾಯಿ ಮಾರಾಟವನ್ನು ತಡೆದರು. ಅಲ್ಲಿಂದ ಹರಡಿದ ಚಳವಳಿಯ ಒತ್ತಡಕ್ಕೆ ಮಣಿದ ರಾಜ್ಯ ಸರ್ಕಾರವು 1993ರ ಅಕ್ಟೋಬರ್ 1ರಿಂದ ಸಾರಾಯಿಯನ್ನು ನಿಷೇಧಿಸಬೇಕಾಯಿತು. ವಯಸ್ಕರು ಖಾಲಿ ಹಲಗೆಗಳಲ್ಲ, ಲೆಕ್ಕಾಚಾರವನ್ನೂ ಲೋಕಾನುಭವವನ್ನೂ ಹೊತ್ತು ತಂದವರು ಎಂಬುದನ್ನು ಅರಿತ ಬೋಧಕರ ಎದುರಿನಲ್ಲಿ ಮಾತ್ರ ಇಂಥ ಚರ್ಚೆ ಹುಟ್ಟುತ್ತದೆ.

ವಯಸ್ಸು ಮೀರಿದವರಿಗೆ ವಿದ್ಯೆ ಹತ್ತುವುದಿಲ್ಲವೆಂಬುದು ಇನ್ನೊಂದು ತಪ್ಪು ಕಲ್ಪನೆ. ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ರಾಜ್ಯದ ಸಾಕ್ಷರತಾ ಪರೀಕ್ಷೆಯಲ್ಲಿ ನೂರಕ್ಕೆ 98 ಅಂಕ ಪಡೆದರು. ನಡುವಯಸ್ಸು ದಾಟಿದವರ ತೊಡಕು ಅನೇಕ ವೇಳೆ ಬುದ್ಧಿಯದಲ್ಲ, ಕಣ್ಣಿನದು. ಕಣ್ಣು ತಪಾಸಣೆಯ ವ್ಯವಸ್ಥೆ, ಸಾಕಷ್ಟು ಬೆಳಕು, ದಪ್ಪ ಅಕ್ಷರದ ಪುಸ್ತಕ ಇವು ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಹೆಬ್ಬೆಟ್ಟಿನ ಬದಲು ರುಜು ಹಾಕಿದವರು ಸಾಕ್ಷರರಾದರೆಂಬ ಭಾವನೆ ಅಧಿಕಾರಿಗಳಲ್ಲಿಯೂ ಕಾಣುತ್ತದೆ. ಹೆಸರು ಬರೆಯಲು ಕಲಿತಾಗ ದೊರೆಯುವ ಆತ್ಮಗೌರವ ದೊಡ್ಡದು, ಅದನ್ನು ಕಡೆಗಣಿಸಲಾಗದು. ಆದರೆ ಅದು ಆರಂಭ ಮಾತ್ರ. ಜನಗಣತಿಯ ಪ್ರಕಾರ ಯಾವುದಾದರೊಂದು ಭಾಷೆಯನ್ನು ಅರ್ಥಸಹಿತ ಓದಲು, ಬರೆಯಲು ಬಲ್ಲ ಏಳು ವರ್ಷ ಮತ್ತು ಮೇಲ್ಪಟ್ಟವರೇ ಸಾಕ್ಷರರು; ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಮಾನದಂಡವಂತೂ ನಿಮಿಷಕ್ಕೆ 30 ಪದಗಳಂತೆ ಸರಳ ಬರಹವನ್ನು ಓದುವುದನ್ನು ಮತ್ತು ಉಕ್ತಲೇಖನವನ್ನು ನಿಮಿಷಕ್ಕೆ ಐದು ಪದಗಳಂತೆ ಬರೆಯುವುದನ್ನು ಅಪೇಕ್ಷಿಸಿತ್ತು. ಈ ಮಟ್ಟ ಮುಟ್ಟಿದ ನವಸಾಕ್ಷರರೂ, ಅಂದರೆ ಹೊಸದಾಗಿ ಓದು ಕಲಿತವರೂ, ಓದಲು ಏನೂ ಸಿಗದಿದ್ದರೆ ಕಲಿತದ್ದನ್ನು ಮರೆಯುತ್ತಾರಾದ್ದರಿಂದ ಗ್ರಂಥಾಲಯ ಮತ್ತು ಮುಂದುವರಿಕೆ ಶಿಕ್ಷಣಗಳು ಕಾರ್ಯಕ್ರಮದ ಅರ್ಧಭಾಗವೇ ಆಗಿವೆ.

ಬೋಧಕರು ಸಂಬಳ ಪಡೆಯದಿರುವುದರಿಂದ ಕಾರ್ಯಕ್ರಮಕ್ಕೆ ಹಣವೇ ಬೇಡವೆಂಬ ತರ್ಕವೂ ನಿಲ್ಲುವುದಿಲ್ಲ. 15 ವರ್ಷ ಮೇಲ್ಪಟ್ಟವರಿಗಾಗಿ ಸ್ವಯಂಸೇವಕರ ಮೂಲಕವೇ ನಡೆಯಬೇಕೆಂದು ರೂಪಿಸಲಾದ ಉಲ್ಲಾಸ್ ಯೋಜನೆಗೂ 2022–27ರ ಅವಧಿಗೆ 1,037.90 ಕೋಟಿ ರೂಪಾಯಿ ಅಂದಾಜಿಸಲಾಗಿತ್ತು. ತರಬೇತಿ, ಪುಸ್ತಕ, ಮೌಲ್ಯಮಾಪನಗಳಷ್ಟೇ ಅಲ್ಲದೆ ಹಳ್ಳಿಯಲ್ಲಿ ಬೋಧಕರನ್ನು ವಿಚಾರಿಸಿಕೊಳ್ಳುವ, ಒಬ್ಬರು ಮದುವೆಯಾಗಿ ಅಥವಾ ಕೆಲಸ ಸಿಕ್ಕಿ ಊರು ಬಿಟ್ಟರೆ ಮತ್ತೊಬ್ಬರನ್ನು ಹುಡುಕುವ ವ್ಯಕ್ತಿಯೂ ಬೇಕು. 2009ರ ಸಾಕ್ಷರ ಭಾರತ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿಯ ಲೋಕಶಿಕ್ಷಣ ಕೇಂದ್ರಗಳ ಪ್ರೇರಕರು ಈ ಹೊಣೆಯನ್ನು ಅಲ್ಪ ಗೌರವಧನಕ್ಕೆ ಹೊತ್ತಿದ್ದರು. 2018ರ ಮಾರ್ಚ್‌ನಲ್ಲಿ ಆ ಕಾರ್ಯಕ್ರಮ ಕೊನೆಗೊಂಡಾಗ ಅವರ ಗೌರವಧನಕ್ಕಿದ್ದ ಕೇಂದ್ರದ ನೆರವೂ ನಿಂತಿತು.