ಅಂಜದೀವದ ಹನ್ನೆರಡು ದಿನಗಳು

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿರುವಿರಿ. ಕಣದಲ್ಲಿ ರಾಶಿ ಮಾಡುವ ರೈತನ ಮಾತದು. ಆದರೆ ಹಾಯಿಯನ್ನೇ ನಂಬಿ ಕಡಲಿಗಿಳಿಯುತ್ತಿದ್ದ ಹಿಂದಿನ ಕಾಲದ ನಾವಿಕನಿಗೆ ಇದು ಬರಿಯ ಗಾದೆಯಾಗಿರಲಿಲ್ಲ, ಜೀವನ್ಮರಣದ ನಿಯಮವಾಗಿತ್ತು. ಅದು ಹೇಗೆಂಬುದನ್ನು ನಮ್ಮ ಕಾರವಾರದ ಸಮೀಪದ ಒಂದು ಪುಟ್ಟ ದ್ವೀಪದ ವೃತ್ತಾಂತದಿಂದ ತಿಳಿಯೋಣ.

ಆ ದ್ವೀಪದ ಹೆಸರು ಅಂಜದೀವ. ಇದು ಕಾರವಾರದ ದಕ್ಷಿಣಕ್ಕೆ, ಬಿಣಗಾ ಕೊಲ್ಲಿಯ ಎದುರಿಗಿದೆ. ವಿಸ್ತಾರ ಸುಮಾರು ಒಂದೂವರೆ ಚದರ ಕಿಲೋಮೀಟರು ಮಾತ್ರ. ಕನ್ನಡ ಕರಾವಳಿಗೆ ಅಂಟಿಕೊಂಡಂತಿದ್ದರೂ ಆಡಳಿತದಲ್ಲಿ ಅದು ಗೋವೆಗೆ ಸೇರಿದುದು. ಸುತ್ತಲೂ ಉಪ್ಪುನೀರು, ನಡುವೆ ಸಿಹಿನೀರು! ಈ ಒಂದು ಗುಣದಿಂದಲೇ ದೂರ ಪ್ರಯಾಣದ ಹಡಗುಗಳಿಗೆ ಅದು ತಂಗುದಾಣವಾಯಿತು.

1498ನೆಯ ಇಸವಿಯ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಪೋರ್ತುಗೀಜ ನಾವಿಕ ವಾಸ್ಕೋ ಡ ಗಾಮನು ತನ್ನ ಮೂರು ಹಡಗುಗಳೊಡನೆ ಇಲ್ಲಿಗೆ ಬಂದನು. ಕಲ್ಲಿಕೋಟೆಯ ಸಾಮೂದಿರಿಯೊಡನೆ ಮನಸ್ತಾಪ ಮಾಡಿಕೊಂಡು ಆಗಸ್ಟ್ 29ರಂದು ಹೊರಟವನು, ಉಡುಪಿಯ ಎದುರಿನ ನಡುಗಡ್ಡೆಗಳಲ್ಲಿ ಒಂದು ಕಲ್ಲುಕಂಬವನ್ನು ನೆಟ್ಟು ಉತ್ತರಕ್ಕೆ ಸಾಗಿದ್ದನು. ಆ ನಡುಗಡ್ಡೆಗಳನ್ನು ಸೇಂಟ್ ಮೇರಿ ದ್ವೀಪಗಳೆಂದು ಇಂದಿಗೂ ಕರೆಯುತ್ತಾರೆ. ಮುಂದೆ ಆತನು ದಾಟಬೇಕಾಗಿದ್ದುದು ಇಡೀ ಅರಬೀ ಸಮುದ್ರವನ್ನು. ಆಫ್ರಿಕದ ತೀರ ಕಾಣುವವರೆಗೆ ನಡುವೆ ನೆಲವಿಲ್ಲ, ನೀರಿಲ್ಲ, ಸಂತೆಯಿಲ್ಲ.

ಇಂತಹ ಪ್ರಯಾಣಕ್ಕೆ ಮೊದಲು ಮಾಡತಕ್ಕ ಕೆಲಸಗಳು ಯಾವುವು? ಮೊದಲನೆಯದು ಹಡಗಿನ ಆರೈಕೆ. ತಿಂಗಳುಗಟ್ಟಲೆ ನೀರಿನಲ್ಲಿದ್ದ ಮರದ ಹಡಗಿನ ತಳಕ್ಕೆ ಚಿಪ್ಪುಜೀವಿಗಳೂ ಪಾಚಿಯೂ ಮೆತ್ತಿಕೊಂಡು ವೇಗ ತಗ್ಗುತ್ತದೆ. ಮರ ಕೊರೆಯುವ ಹುಳುಗಳು ಹಲಗೆಯನ್ನು ಜರಡಿ ಮಾಡುತ್ತವೆ. ಆದುದರಿಂದ ಹಡಗನ್ನು ಮರಳದಂಡೆಗೆ ತಂದು, ಒಂದು ಮಗ್ಗುಲಿಗೆ ಒರಗಿಸಿ, ತಳವನ್ನು ಹೆರೆದು, ಸಂದುಗಳನ್ನು ಮುಚ್ಚಬೇಕು. ಗಾಮನ ಜನರು ಎರಡು ಹಡಗುಗಳಿಗೆ ಈ ಉಪಚಾರವನ್ನು ಮಾಡಿದರು. ಎರಡನೆಯದು ನೀರು. ದ್ವೀಪವನ್ನು ಸುತ್ತಿ ನೋಡಿದಾಗ ಕೆತ್ತಿದ ಕಲ್ಲಿನ ಒಂದು ಕೆರೆಯೂ, ಎತ್ತರದ ಭಾಗದಲ್ಲಿ ಆಳವಾದ ಇನ್ನೊಂದು ಕೆರೆಯೂ ಅವರಿಗೆ ಸಿಕ್ಕಿದುವು. ಮೂರನೆಯದು ಆಹಾರ. ಎದುರಿನ ದಡದ ಜನರು ದೋಣಿಗಳಲ್ಲಿ ಮೀನು, ಕುಂಬಳ, ಸೌತೆಗಳನ್ನು ತಂದು ಮಾರಿದರು.

ಆ ಪ್ರಯಾಣದ ದಿನಚರಿಯೊಂದು ಇಂದಿಗೂ ಉಳಿದಿದೆ. ಕೆರೆಯ ಹತ್ತಿರ ಒಂದು ಹಾಳುಬಿದ್ದ ಕಲ್ಲಿನ ಗುಡಿಯಿತ್ತೆಂದೂ, ಅದರೊಳಗೆ ಜನರು ಮೂರು ಕರಿಯ ಕಲ್ಲುಗಳನ್ನು ಪೂಜಿಸುತ್ತಿದ್ದರೆಂದೂ ಅದರಲ್ಲಿ ಬರೆದಿದೆ. ಆದರೆ ಬರೆದವನು ಆ ಗುಡಿಯನ್ನು ಕರೆದುದು ಇಗರ್ಜಿಯೆಂದು! ಕಣ್ಣು ಕಲ್ಲನ್ನು ಕಂಡಿತು. ಮನಸ್ಸು ತನ್ನ ಊರನ್ನೇ ಕಂಡಿತು. ಹೊಸ ನಾಡನ್ನು ನೋಡುವವರೆಲ್ಲರೂ ಎಚ್ಚರದಿಂದಿರಬೇಕಾದ ಸ್ಥಳವಿದು.

ಹನ್ನೆರಡು ದಿನಗಳಲ್ಲಿ ಸಿದ್ಧತೆಯೆಲ್ಲ ಮುಗಿಯಿತು. ಬೆನ್ನಟ್ಟಿ ಬರುವ ಹಡಗುಗಳ ಭಯವೂ ಇತ್ತು. ಅಕ್ಟೋಬರ್ 5ರಂದು ಗಾಮನು ಹಾಯಿ ಬಿಚ್ಚಿಸಿದನು. ತಪ್ಪಿದುದು ಇಲ್ಲಿಯೇ.

ಬೇಸಗೆಯಲ್ಲಿ ನೆಲವು ಕಡಲಿಗಿಂತ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ. ಆ ತೆರವನ್ನು ತುಂಬಲು ಕಡಲ ಗಾಳಿ ನೈರುತ್ಯದಿಂದ ನುಗ್ಗುತ್ತದೆ. ಇದೇ ನಮ್ಮ ಮುಂಗಾರು. ಚಳಿಗಾಲದಲ್ಲಿ ನೆಲವು ಬೇಗ ತಣಿಯುವುದರಿಂದ ಗಾಳಿಯು ತಿರುಗಿ ಈಶಾನ್ಯದಿಂದ ಕಡಲ ಕಡೆಗೆ ಬೀಸುತ್ತದೆ. ಆಫ್ರಿಕಕ್ಕೆ ಹೋಗುವ ಹಾಯಿಹಡಗಿಗೆ ಬೇಕಾದುದು ಈ ಎರಡನೆಯ ಗಾಳಿ. ಆದರೆ ಅದು ನೆಲೆಗೊಳ್ಳುವುದು ನವೆಂಬರ್ ಡಿಸೆಂಬರುಗಳಲ್ಲಿ. ನಡುವಿನ ಅಕ್ಟೋಬರಿನಲ್ಲಿ ಒಂದು ಗಾಳಿ ಹೋಗಿರುತ್ತದೆ, ಇನ್ನೊಂದು ಬಂದಿರುವುದಿಲ್ಲ. ಅರಬೀ ಕುದುರೆಗಳನ್ನು ತರಿಸುತ್ತಿದ್ದ ಭಟ್ಕಳ ಹೊನ್ನಾವರಗಳ ವರ್ತಕರ ವ್ಯಾಪಾರವೆಲ್ಲ ಈ ಗಾಳಿಗಳ ಲೆಕ್ಕದ ಮೇಲೆಯೇ ನಡೆಯುತ್ತಿತ್ತು.

ಫಲವೇನಾಯಿತು? ಬರುವಾಗ ಮಾಲಿಂದಿಯ ಅರಸನು ಕೊಟ್ಟ ನಾವಿಕನ ನೆರವಿನಿಂದ, ಅನುಕೂಲ ಗಾಳಿಯಲ್ಲಿ, ಇದೇ ಸಮುದ್ರವನ್ನು ಮೂರು ವಾರಗಳಿಗೆ ತುಸು ಹೆಚ್ಚು ಸಮಯದಲ್ಲಿ ದಾಟಿದ್ದವರಿಗೆ, ಹೋಗುವಾಗ ಮೂರು ತಿಂಗಳಿಗೆ ಮೂರೇ ದಿನ ಕಡಿಮೆ ಹಿಡಿಯಿತು. ತಾಜಾ ತರಕಾರಿಯಿಲ್ಲದೆ ನಾವಿಕರ ವಸಡುಗಳು ಊದಿ ಹಲ್ಲುಗಳನ್ನು ಮುಚ್ಚಿದುವು, ಕೈಕಾಲು ಬಾತವು. ಇದು ಸ್ಕರ್ವಿ ಎಂಬ ರೋಗ. ಲಿಂಬೆ, ಕಿತ್ತಳೆ, ನೆಲ್ಲಿಗಳಲ್ಲಿರುವ ಸಿ ಜೀವಸತ್ವದ ಕೊರತೆಯೇ ಇದಕ್ಕೆ ಕಾರಣ. ನಮ್ಮ ದೇಹವು ಅದನ್ನು ತಾನಾಗಿ ತಯಾರಿಸಲಾರದು, ಬಹುಕಾಲ ಕೂಡಿಡಲಾರದು. ಜೇಮ್ಸ್ ಲಿಂಡ್ ಎಂಬ ವೈದ್ಯನು ಹನ್ನೆರಡು ರೋಗಿಗಳ ಮೇಲೆ ಪ್ರಯೋಗ ಮಾಡಿ ಕಿತ್ತಳೆ ಲಿಂಬೆಗಳ ಗುಣವನ್ನು ತೋರಿಸಿದುದು 1747ರಲ್ಲಿ. ಗಾಮನ ಕಾಲಕ್ಕೆ ಅದು ಇನ್ನೂ ಬಹಳ ದೂರ. ಆ ದಾಟಿನಲ್ಲಿ ಮೂವತ್ತು ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಮಾತ್ರ ಉಳಿದರು. 1499ರ ಜನವರಿ 2ರಂದು ಆಫ್ರಿಕ ಕಂಡಿತು. ಮಾಲಿಂದಿಯಲ್ಲಿ ಅವರು ರೋಗಿಗಳಿಗೆಂದು ಕಿತ್ತಳೆ ಹಣ್ಣನ್ನೇ ಬೇಡಿದರು. ಮುಂದೆ ನಡೆಸಲು ಜನರಿಲ್ಲದೆ ಒಂದು ಹಡಗನ್ನು ಸುಟ್ಟುಹಾಕಿದರು.

ಮುಂಬಯಿಯ ಮಕ್ಕಳಾದ ನಿಮಗೆ ಈ ದ್ವೀಪದ ಇನ್ನೊಂದು ನಂಟೂ ತಿಳಿದಿರಲಿ. 1661ರ ವಿವಾಹ ಒಪ್ಪಂದದಂತೆ ಮುಂಬಯಿಯು ಇಂಗ್ಲೆಂಡಿನ ಅರಸನಿಗೆ ಬಳುವಳಿಯಾಗಿ ಬಂದಿತಷ್ಟೆ. ಆದರೆ ಇಲ್ಲಿದ್ದ ಪೋರ್ತುಗೀಜರು ಊರನ್ನು ಒಪ್ಪಿಸಲಿಲ್ಲ. ಅಬ್ರಹಾಂ ಶಿಪ್‌ಮನ್ನನೂ ಅವನ ಸುಮಾರು 400 ಸೈನಿಕರೂ ಅಂಜದೀವದಲ್ಲಿಳಿದು ಕಾದರು. ರೋಗರುಜಿನಗಳಿಗೆ ತುತ್ತಾಗಿ ಶಿಪ್‌ಮನ್ನನೇ 1664ರಲ್ಲಿ ತೀರಿಕೊಂಡನು. 1665ರಲ್ಲಿ ಮುಂಬಯಿಯನ್ನು ಸೇರಿದ ಸೈನಿಕರು ನೂರರ ಆಸುಪಾಸು ಮಾತ್ರ. ದ್ವೀಪವು 1961ರ ಡಿಸೆಂಬರಿನವರೆಗೂ ಪೋರ್ತುಗೀಜರ ವಶದಲ್ಲಿದ್ದು, ಭಾರತೀಯ ನೌಕಾಪಡೆಯ ಏಳು ಮಂದಿ ಯೋಧರ ಬಲಿದಾನದಿಂದ ನಮ್ಮದಾಯಿತು. ಈಗ ಅದು ನೌಕಾಪಡೆಯ ಸ್ಥಳ.

ವಿದ್ಯಾರ್ಥಿಗಳೆ, ರಜೆಯಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಕಾರವಾರ ಬಂದೊಡನೆ ಈ ದ್ವೀಪವನ್ನು ನೆನೆಯಿರಿ. ಅಲ್ಲಿ ಇಳಿದವರು ನೀರನ್ನು ಹುಡುಕಿದರು, ಹಡಗನ್ನು ತಿದ್ದಿದರು, ಉಗ್ರಾಣವನ್ನು ತುಂಬಿದರು. ಕೊಂಡೊಯ್ಯಬಹುದಾದುದೆಲ್ಲವನ್ನೂ ಕೊಂಡೊಯ್ದರು. ಆದರೆ ಗಾಳಿಯನ್ನು ಪೀಪಾಯಿಯಲ್ಲಿ ತುಂಬಿಕೊಳ್ಳಲಾಗದು, ಅದಕ್ಕಾಗಿ ಕಾಯಬೇಕು. ಅದು ಎಂದು ಬರುವುದೆಂಬುದು, ಕುಂಬಳ ಸೌತೆಗಳನ್ನು ಮಾರಲು ದೋಣಿಯಲ್ಲಿ ಬಂದ ಆ ದಡದ ಜನರ ನಿತ್ಯದ ಅರಿವು. ಯಾವ ಹೊಸ ಊರಿಗೆ ಹೋದರೂ ಅಂಗಡಿಯೆಲ್ಲಿ, ನೀರೆಲ್ಲಿ ಎಂದು ಕೇಳುವುದರ ಜೊತೆಗೆ ಅಲ್ಲಿನ ಜನರಿಗೆ ಏನು ಗೊತ್ತಿದೆ ಎಂಬುದನ್ನೂ ಕೇಳಿ ತಿಳಿಯಿರಿ.